ಒಂದು ದಿನದ ಜಾಥಾ ಸಾಕಾ? ಹೆಂಗಸರ ಮೇಲಿನ ಹಿಂಸೆ ತಡೆಯುವ ಕೆಲಸ ಮಾಡಿದವರ ಅನುಭವ

ಕೇಳಿದವರು: ನಾವು ಒಂದಷ್ಟು ಜನ ಸೇರಿ ಹೆಂಗಸರ ಮೇಲಿನ ಹಿಂಸೆ ತಡೆಯೋಕೆ ಏನಾದರೂ ಮಾಡಬೇಕು ಅಂತಿದ್ದೇವೆ. ನವೆಂಬರ್ 25, ಹೆಂಗಸರ ಮೇಲಿನ ಹಿಂಸೆ ತಡೆಯುವ ಅಂತರರಾಷ್ಟ್ರೀಯ ದಿನ. ಅವತ್ತು ಜಾಥಾ, ಭಾಷಣ, ಮನೆಮನೆಗೆ ಕರಪತ್ರ ಅಂತ ಯೋಚನೆ. ದುಡ್ಡು ಕಡಿಮೆ. ಈ ಕೆಲಸ ಮಾಡಿದವರು ನಿಮ್ಮ ಅನುಭವ ಹೇಳ್ತೀರಾ?

ಸಮುದಾಯ ಕಾರ್ಯಕರ್ತೆ: ಜಾಥಾ ಮಾಡಿ, ತಪ್ಪಿಲ್ಲ. ಆದರೆ ಇರುವ ದುಡ್ಡನ್ನೆಲ್ಲ ಅದಕ್ಕೇ ಸುರಿಯಬೇಡಿ. ಘೋಷಣೆ ಕೂಗಿದವರೇ ಮನೆಗೆ ಹೋಗಿ ಕೈ ಎತ್ತಿದ್ದನ್ನೂ ಕೇಳಿದ್ದೇನೆ. ಅದೇ ಜನ ಮತ್ತೆ ಮತ್ತೆ ಕೂತು ಮಾತಾಡಿದಾಗ ಏನಾದರೂ ಬದಲಾಗುತ್ತದೆ. ಉಗಾಂಡಾದ ಕಂಪಾಲಾದಲ್ಲಿ 'ಸಾಸಾ!' ಕಾರ್ಯಕ್ರಮ ನಡೆದದ್ದು ಹೀಗೆಯೇ. ಅಲ್ಲಿನ ನಿವಾಸಿಗಳನ್ನೇ ತಯಾರು ಮಾಡಿದರು, ಅವರು ತಮ್ಮ ಅಕ್ಕಪಕ್ಕದವರ ಜೊತೆ ವರ್ಷಗಟ್ಟಲೆ ಮಾತಾಡಿದರು. 2012ರಲ್ಲಿ ನೋಡಿದಾಗ, ಹಿಂದಿನ ಒಂದು ವರ್ಷದಲ್ಲಿ ಸಂಗಾತಿಯಿಂದ ಏಟು ತಿಂದ ಹೆಂಗಸರ ಪ್ರಮಾಣ, ಕಾರ್ಯಕ್ರಮ ನಡೆಯದ ಕಡೆಗಿಂತ ಶೇ. 52ರಷ್ಟು ಕಡಿಮೆ ಇತ್ತು. ಎಂಟೇ ಪ್ರದೇಶಗಳ ಅಧ್ಯಯನ ಅದು. ಅಂಕಿಯನ್ನೇ ಹಿಡಿದುಕೊಂಡು ಕೂರಬೇಡಿ, ಅವರು ಕೆಲಸ ಮಾಡಿದ ರೀತಿ ನೋಡಿ.

ಗಂಡಸರ ಗುಂಪು ನಡೆಸುವವರು: ಗಂಡಸರನ್ನು ಕೂರಿಸಿಕೊಂಡು 'ನೀವು ಹೊಡೀತೀರಾ' ಅಂದರೆ ಮಾತು ಅಲ್ಲಿಗೇ ಮುಗಿಯಿತು. ನಾನು ಕೇಳುವುದು, 'ಮನೆಯಲ್ಲಿ ಕೊನೆಯ ಮಾತು ಯಾರದು?' ಒಮ್ಮೆ ಒಬ್ಬ ನಗುತ್ತಾ 'ನಂದೇ, ಇನ್ಯಾರದು' ಅಂದ. 'ಕೆಲಸದ ಜಾಗದಲ್ಲಿ?' ಅಂದೆ. ನಗು ನಿಂತಿತು. ಮೇಲಿನವನು ಎಲ್ಲರೆದುರು ಬೈದದ್ದು, ತಾನು ಬಾಯಿ ಮುಚ್ಚಿಕೊಂಡು ನಿಂತದ್ದು, ಒಂದೊಂದೇ ಹೇಳಿದ. ಪಕ್ಕದಲ್ಲಿದ್ದವನು ಕೇಳಿದ, 'ಹಂಗಾದ್ರೆ ನಿನ್ನ ಹೆಂಡ್ತಿಗೂ ಹಂಗೇ ಅನ್ಸುತ್ತಲ್ವಾ?' ಆ ಪ್ರಶ್ನೆ ನಾನು ಕೇಳಿದ್ದರೆ ಜಗಳವೇ ಆಗುತ್ತಿತ್ತು. ಇನ್ನೊಂದು, ಸಭೆ ಕರೆದರೆ ಗಂಡಸರು ಬರುವುದಿಲ್ಲ. ಅವರು ಸೇರುವ ಕಡೆಗೇ ನೀವು ಹೋಗಿ.

ಸಾಲದ ಗುಂಪಿನಲ್ಲಿ ದುಡಿದವರು: ಹೆಂಗಸರ ಕೈಗೆ ದುಡ್ಡು ಬಂದರೆ ಏಟು ತಾನಾಗೇ ನಿಲ್ಲುತ್ತೆ ಅನ್ನುವವರು ಜಾಸ್ತಿ. ಬರೀ ದುಡ್ಡು ಸಾಲದು. ದಕ್ಷಿಣ ಆಫ್ರಿಕಾದ ಲಿಂಪೊಪೊದಲ್ಲಿ 'ಇಮೇಜ್' ಯೋಜನೆಯವರು ಸಣ್ಣ ಸಾಲದ ಜೊತೆಗೇ ಗಂಡು ಹೆಣ್ಣಿನ ಸಂಬಂಧ, ಎಚ್‌ಐವಿ ಬಗ್ಗೆ ತರಬೇತಿ ಕೊಟ್ಟರು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಂಗಾತಿಯ ಹಿಂಸೆ ಶೇ. 55ರಷ್ಟು ಇಳಿದಿತ್ತು. ಸಾಲ ಮಾತ್ರ ಕೊಟ್ಟ ಕಡೆ ಅಂಥ ಪರಿಣಾಮ ಕಾಣಲಿಲ್ಲ.

ಆಪ್ತ ಸಮಾಲೋಚಕಿ: ಮೊದಲ ಸಭೆಗೂ ಮುಂಚೆ ಒಂದು ಕೆಲಸ ಮಾಡಿ. ನೆರವು ಕೇಳಿ ಬಂದವರನ್ನು ಎಲ್ಲಿಗೆ ಕಳಿಸುತ್ತೀರಿ? ವೈದ್ಯರು, ವಕೀಲರು, ತಂಗಲು ಜಾಗ, ಎಲ್ಲರ ಹತ್ತಿರವೂ ಮಾತಾಡಿಟ್ಟುಕೊಳ್ಳಿ. ಯಾಕೆಂದರೆ ಬಂದೇ ಬರುತ್ತಾರೆ. ಸಭೆ ಮುಗಿದು ಕುರ್ಚಿ ಎತ್ತಿಡುವಾಗ ಒಬ್ಬರು ಹತ್ತಿರ ಬಂದು, 'ನನ್ನ ಗೆಳತಿಯೊಬ್ಬಳಿಗೆ ತೊಂದರೆ ಇದೆ' ಅನ್ನುತ್ತಾರೆ. ಆ ಗೆಳತಿ ಯಾರು ಅಂತ ಕೆದಕಬೇಡಿ. 'ಅವರು ಈಗ ಸುರಕ್ಷಿತವಾಗಿದ್ದಾರಾ?' ಅಂತ ಕೇಳಿ ಸಾಕು. ಕರಪತ್ರ ಮನೆಮನೆಗೆ ಹಂಚುವುದು ಬೇಡವೇ ಬೇಡ. ಗಂಡನ ಕೈಗೆ ಸಿಕ್ಕರೆ ಅದಕ್ಕೂ ಏಟು. ಗಂಡ ಹೆಂಡತಿಯನ್ನು ಎದುರು ಕೂರಿಸಿ ರಾಜಿ ಮಾಡಿಸುವ ಉತ್ಸಾಹವೂ ಬೇಡ. ಅಲ್ಲಿ ಅವಳು ನಿಜ ಹೇಳಿದರೆ ರಾತ್ರಿ ಅನುಭವಿಸುವವಳು ಅವಳೇ.

ಕೇಳಿದವರು: ತುಂಬಾ ಉಪಯೋಗ ಆಯ್ತು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಏನು ಮಾಡಬೇಕು ಅಂತ ಜನರಿಗೆ ಹೇಳೋದು?

ಸಮುದಾಯ ಕಾರ್ಯಕರ್ತೆ: ಭಾರತದಲ್ಲಿ 2008ರಲ್ಲಿ ಶುರುವಾದ 'ಬೆಲ್ ಬಜಾವೊ' ಪ್ರಚಾರ ಹೇಳಿಕೊಟ್ಟಿದ್ದು ಇದನ್ನೇ. ಬೆಲ್ ಒತ್ತಿ, ಏನೋ ಒಂದು ನೆಪ ಹೇಳಿ. ಬುದ್ಧಿವಾದ ಬೇಡ, ಆ ಕ್ಷಣಕ್ಕೆ ಕೈ ತಡೆದರೆ ಸಾಕು. ಹೊಡೆಯುವವನ ಕೈಯಲ್ಲಿ ಆಯುಧ ಇದ್ದರೆ ಒಬ್ಬರೇ ಹೋಗಬೇಡಿ, ಪೊಲೀಸರಿಗೆ ಫೋನ್ ಮಾಡಿ. ಮರುದಿನ ಅವಳು ಒಬ್ಬಳೇ ಸಿಕ್ಕಾಗ ಮಾತಾಡಿಸಿ. ನಿಮ್ಮ ಗುಂಪಿನಲ್ಲಿ ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಇಬ್ಬಿಬ್ಬರನ್ನು ನಿಲ್ಲಿಸಿ ನಟಿಸಿ ನೋಡಿ. ಬಾಗಿಲು ತೆಗೆದವನು 'ನಿಂಗೇನು?' ಅಂದಾಗಲೇ ಎಲ್ಲರೂ ತಡವರಿಸುವುದು.