ಅತ್ತೆಯ ಮಲಬದ್ಧತೆಗೆ ಮೂರು ಔಷಧ ಒಟ್ಟಿಗೆ ಕೊಡಬಹುದೇ?

ಶಿರಸಿಯ ಓದುಗರೊಬ್ಬರ ಸಮಸ್ಯೆ: ಅತ್ತೆಗೆ 74 ವರ್ಷ. ಬಿಪಿ, ಶುಗರ್ ಇವೆ. ಮಲಬದ್ಧತೆಗೆ ರಾತ್ರಿ ಲ್ಯಾಕ್ಟುಲೋಸ್ ಸಿರಪ್ ಕೊಡುತ್ತಿದ್ದೇವೆ. ಸಾಲುತ್ತಿಲ್ಲ. ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್) ಪುಡಿ, ಮಿಲ್ಕ್ ಆಫ್ ಮೆಗ್ನೀಷಿಯಾ ಕೂಡ ಸೇರಿಸಬಹುದೇ?

ತಂಗೀ, ದಯವಿಟ್ಟು ನೀವಾಗಿಯೇ ಸೇರಿಸಬೇಡಿ. ಮೂರೂ ಒಂದೇ ಜಾತಿಯವು. ಕರುಳಿನೊಳಗೆ ನೀರು ಎಳೆದುಕೊಂಡು ಮಲವನ್ನು ಮೆತ್ತಗೆ ಮಾಡುತ್ತವೆ. ಒಟ್ಟಿಗೆ ಕೊಟ್ಟರೆ ಭೇದಿ ಹತ್ತಿ, ಮೈಯ ನೀರು, ಸೋಡಿಯಂ, ಪೊಟ್ಯಾಸಿಯಂ ಇಳಿಯಬಹುದು. ಬಿಪಿಗೆಂದು ಮೂತ್ರ ಜಾಸ್ತಿ ಹೋಗುವ ಮಾತ್ರೆ ಇದ್ದರಂತೂ ಬೇಗ ಸುಸ್ತಾಗುತ್ತಾರೆ. ತಲೆ ತಿರುಗಿ ಬಚ್ಚಲಲ್ಲಿ ಬಿದ್ದರೆ ಈ ವಯಸ್ಸಿಗೆ ಸೊಂಟದ ಮೂಳೆಯೇ ಹೋದೀತು.

ನನಗೆ ಹೆಚ್ಚು ಹೆದರಿಕೆ ಇರುವುದು ಮೆಗ್ನೀಷಿಯಾದ್ದು. ಹಳೇ ಶುಗರ್ ಇದ್ದವರಲ್ಲಿ ಕಿಡ್ನಿ ಸೋತಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಕಿಡ್ನಿ ಹೊರಹಾಕದ ಮೆಗ್ನೀಷಿಯಂ ರಕ್ತದಲ್ಲೇ ಉಳಿದು ಮಂಪರು ತರುತ್ತದೆ, ಬಿಪಿ ಇಳಿಸುತ್ತದೆ, ಎದೆಬಡಿತ ನಿಧಾನ ಮಾಡುತ್ತದೆ. ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸದೆ ಅದು ಬೇಡವೇ ಬೇಡ.

ಕೆಲಸ ಮಾಡಲು ಲ್ಯಾಕ್ಟುಲೋಸ್‌ಗೆ ಒಂದೆರಡು ದಿನ ಬೇಕು, ಪಿಇಜಿಗೆ 1ರಿಂದ 3 ದಿನ. ಬೆಳಿಗ್ಗೆ ಆಗಲಿಲ್ಲವೆಂದು ಮಧ್ಯಾಹ್ನ ಇನ್ನೊಂದು ಕೊಟ್ಟರೆ ಎಲ್ಲ ಸೇರಿ ಒಮ್ಮೆಲೇ ಹೊಟ್ಟೆ ಕೆಡುತ್ತದೆ. ಈಗಿನದರ ಡೋಸ್ ಸರಿ ಇದೆಯೇ, ಗ್ಯಾಸ್ ಜಾಸ್ತಿಯಾದರೆ ಅದನ್ನು ಬಿಟ್ಟು ಪಿಇಜಿಗೆ ಹೋಗಬಹುದೇ ಎಂದು ವೈದ್ಯರನ್ನು ಕೇಳಿ. ಎರಡು ಔಷಧ ಬೇಕೇ ಆದರೆ ಅವರು ಸಾಮಾನ್ಯವಾಗಿ ಕರುಳನ್ನು ಚುರುಕು ಮಾಡುವ ಬೈಸಾಕೊಡಿಲ್‌ನಂಥ ಬೇರೆ ಜಾತಿಯದನ್ನು ಜೊತೆಗೆ ಬರೆಯುತ್ತಾರೆ.
– ನಿವೃತ್ತ ನರ್ಸ್, ಕಾರವಾರ

ಬಾಟಲಿಯ ಹೆಸರು ನೋಡಬೇಡಿ, ಒಳಗೇನಿದೆ ಎಂಬ ಸಣ್ಣ ಅಕ್ಷರ ಓದಿ. ಎಷ್ಟೋ ಸಿರಪ್‌ಗಳಲ್ಲಿ ಮೆಗ್ನೀಷಿಯಾ, ಲಿಕ್ವಿಡ್ ಪ್ಯಾರಾಫಿನ್ ಎಂಬ ಎಣ್ಣೆ ಎರಡೂ ಇರುತ್ತವೆ. ಪ್ಯಾರಾಫಿನ್ ಇರುವುದನ್ನು ಮಲಗಿದವರಿಗೆ ಕುಡಿಸಬಾರದು, ಶ್ವಾಸಕೋಶಕ್ಕೆ ಹೋದೀತು. ಪಿಇಜಿಯಲ್ಲೂ ಎರಡು ಬಗೆ. ದಿನವೂ ಕೊಡುವುದು ಸಾಮಾನ್ಯವಾಗಿ ಒಂದು ಲೋಟ ನೀರಿಗೆ 17 ಗ್ರಾಂ. 2 ಲೀಟರ್ ನೀರಿಗೆ ಕಲಸುವ ದೊಡ್ಡ ಪ್ಯಾಕೆಟ್ ಇರುವುದು ಕೊಲೊನೊಸ್ಕೋಪಿಗೆ (ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳು ನೋಡುವ ಪರೀಕ್ಷೆ) ಮೊದಲು ಕರುಳು ತೊಳೆಯಲು. ಥೈರಾಯ್ಡ್ ಮಾತ್ರೆ ಇದ್ದರೆ ಮೆಗ್ನೀಷಿಯಾಕ್ಕೂ ಅದಕ್ಕೂ 4 ಗಂಟೆ ಅಂತರ ಬೇಕು.
– ಔಷಧ ಅಂಗಡಿಯವರು, ಕುಮಟಾ

ಅಕ್ಕಾ, ಅತ್ತೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಕೆಲವು ಬಿಪಿ ಮಾತ್ರೆಗಳೇ ಮಲ ಕಟ್ಟಿಸುತ್ತವೆ. ಬಸಳೆ ಹುಳಿ, ತಂಬುಳಿ, ಗಂಜಿ ಬಿಡಬೇಡಿ. ತಿಂಡಿಯಾದ ಮೇಲೆ ಕಾಲ ಕೆಳಗೆ ಮಣೆ ಇಟ್ಟು ಕಮೋಡ್ ಮೇಲೆ ಕೂರಿಸಿ. ದಿನಗಟ್ಟಲೆ ಆಗದೆ ಆಮೇಲೆ ಸುಮ್ನೆ ನೀರು ನೀರಾಗಿ ಸೋರಿದರೆ ಅದು ಭೇದಿಯೇ ಆಗಿರಬೇಕೆಂದಿಲ್ಲ. ಗಟ್ಟಿ ಮಲ ಒಳಗೇ ಸಿಕ್ಕಿಕೊಂಡಿರಬಹುದು, ಪರೀಕ್ಷೆ ಮಾಡಿಸಿ. ಹೊಟ್ಟೆ ಉಬ್ಬಿ ವಾಂತಿ ಬಂದರೆ, ಗಾಳಿಯೂ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಯಾವ ಸಿರಪ್ಪೂ ಕೊಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.
– ಓದುಗರು, ಸಿದ್ದಾಪುರ