ಗ್ಯಾಸಿಫೈಯರ್ ಟಾರ್ ಮತ್ತು ಉಳಿದ ಇದ್ದಿಲು: ಅಗ್ಗದ ಕ್ಯಾಟಲಿಸ್ಟ್ ಯಾವುದು?

ಕೆಂಡಸಂಪಿಗೆ: ನಮ್ಮದು ಮರದ ಚೂರನ್ನು ಪೂರ್ತಿ ಸುಡದೆ ಇಂಜಿನ್ ಓಡಿಸುವ ಗ್ಯಾಸ್ ಮಾಡುವ ಸಣ್ಣ ಡೌನ್‌ಡ್ರಾಫ್ಟ್ (ಗ್ಯಾಸ್ ಮೇಲಿಂದ ಕೆಳಕ್ಕೆ ಹರಿಯುವ) ಗ್ಯಾಸಿಫೈಯರ್. ಗ್ಯಾಸ್ ತಣ್ಣಗಾದ ಕೂಡಲೇ ಅದರಲ್ಲಿರುವ ಡಾಂಬರಿನಂಥ ಅಂಟು, ಅಂದರೆ ಟಾರ್, ಪೈಪಿಗೂ ಇಂಜಿನ್ ವಾಲ್ವಿಗೂ ಅಂಟಿಕೊಳ್ಳುತ್ತದೆ. ಕೆಳಗಡೆ ಬೂದಿ ಜೊತೆ ಸುಡದ ಇದ್ದಿಲೂ ಜಾಸ್ತಿ ಬೀಳುತ್ತದೆ. ಟಾರ್ ಬೇಗ ಒಡೆಯಲು ನಿಕಲ್ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಹಾಕಿ ಅಂತಾರೆ, ಅದು ನಮ್ಮ ಕೈಗೆ ಎಟಕುವುದಲ್ಲ. ಬೇರೆ ದಾರಿ ಇದೆಯಾ?

ಬಿಸಿಗಾಳಿ: ನಿಕಲ್ ಬಿಡಿ. ದುಡ್ಡಿದ್ದರೂ ಮೊದಲು ಅದಕ್ಕೆ ಹೋಗಬೇಡಿ. ಗ್ಯಾಸಿನಲ್ಲಿ ಸ್ವಲ್ಪ ಗಂಧಕ ಇದ್ದರೂ ಅದು ಕೆಡುತ್ತದೆ, ಮೇಲೆ ಮಸಿ ಕೂತರೂ ಸೋಲುತ್ತದೆ. ಅಗ್ಗದ್ದು ಅಂದರೆ ಡೋಲೊಮೈಟ್, ಸುಣ್ಣದ ಕಲ್ಲಿನಂಥದ್ದೇ ಒಂದು ಕಲ್ಲು. ಆದರೆ ಹಸಿ ಕಲ್ಲು ಹಾಕಿದರೆ ಹೆಚ್ಚು ಪ್ರಯೋಜನವಿಲ್ಲ, 800-900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋದ ಮೇಲೆ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಆಕ್ಸೈಡೇ ಟಾರ್ ಒಡೆಯುವುದು. ಅದನ್ನು ಇಡುವ ಜಾಗವೂ ಅಷ್ಟೇ ಬಿಸಿ ಇರಬೇಕು. ಬಿಸಿ ಇಳಿದರೆ ಮತ್ತೆ ಡೈಆಕ್ಸೈಡ್ ಹೀರಿಕೊಂಡು ಮಂಕಾಗುತ್ತದೆ. ಇನ್ನೊಂದು, ಡೋಲೊಮೈಟ್ ಬೇಗ ಪುಡಿಯಾಗುತ್ತದೆ. ಆಲಿವಿನ್ ಗಟ್ಟಿ ಕಲ್ಲು, ಮರಳು ಕುದಿಯುವಂತೆ ಓಡುವ ಫ್ಲೂಯಿಡೈಸ್ಡ್ ಬೆಡ್‌ಗೆ ಅದೇ ವಾಸಿ. ಆಸ್ಟ್ರಿಯಾದ ಗ್ಯೂಸಿಂಗ್ ಊರಿನ ಮರದ ಗ್ಯಾಸ್ ಘಟಕದಲ್ಲಿ ಅದನ್ನೇ ಬಳಸಿದ್ದರು.

ಇದ್ದಿಲುಪೆಟ್ಟಿಗೆ: ಕಲ್ಲು ಹುಡುಕುವ ಮೊದಲು ನೀವು ಹೊರಗೆ ಎಸೆಯುತ್ತಿರುವ ಇದ್ದಿಲನ್ನೇ ನೋಡಿ. ಅದೇ ಒಳ್ಳೆಯ ಕ್ಯಾಟಲಿಸ್ಟ್! ಸಣ್ಣ ರಂಧ್ರಗಳು, ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣದ ಅಂಶ ಎಲ್ಲ ಅದರಲ್ಲೇ ಇವೆ. ಟಾರ್ ತುಂಬಿದ ಗ್ಯಾಸನ್ನು ಬಿಸಿ ಇದ್ದಿಲಿನ ಹಾಸಿನ ಮೂಲಕ ಹಾಯಿಸಿದರೆ ಟಾರ್ ಒಡೆದು ಮಸಿಯಾಗಿ ಅಲ್ಲೇ ಕೂರುತ್ತದೆ. ರಂಧ್ರ ಮುಚ್ಚಿಕೊಳ್ಳುತ್ತದಲ್ವಾ ಅಂದರೆ, ಹೌದು, ಅದಕ್ಕೇ ಸ್ವಲ್ಪ ಹಬೆ ಬೇಕು. ಹಬೆ ಮಸಿಯನ್ನೂ ಇದ್ದಿಲನ್ನೂ ತಿಂದು ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ನಿಮ್ಮ ಎರಡೂ ತೊಂದರೆಗೆ ಇದೊಂದೇ ಮದ್ದು. ಡೆನ್ಮಾರ್ಕ್‌ನ ವೈಕಿಂಗ್ ಗ್ಯಾಸಿಫೈಯರ್‌ನಲ್ಲಿ ಟಾರ್ ಅಷ್ಟು ಕಡಿಮೆ ಬರುವುದಕ್ಕೆ ಗುಟ್ಟು ಇದೇ: ಮೊದಲು ಒಂದು ಕಡೆ ಮರವನ್ನು ಬಿಸಿ ಮಾಡಿ ಆವಿ ಬಿಡಿಸಿ, ಆ ಆವಿಯ ಒಂದಿಷ್ಟನ್ನು ಸುಟ್ಟು ಬಿಸಿ ಏರಿಸಿ, ಆಮೇಲೆ ಇದ್ದಿಲಿನ ಹಾಸಿನ ಮೂಲಕ ಬಿಡುತ್ತಾರೆ. ಹಬೆ ಮಾತ್ರ ಜಾಸ್ತಿ ಬಿಡಬೇಡಿ, ಆ ಕ್ರಿಯೆ ಶಾಖ ಎಳೆಯುತ್ತದೆ, ಹಾಸು ತಣ್ಣಗಾದರೆ ಟಾರ್ ಹಾಗೇ ದಾಟಿ ಹೋಗುತ್ತದೆ.

ಕೆಂಡಸಂಪಿಗೆ: ಇದು ಹೊಳೆದಿರಲೇ ಇಲ್ಲ. ಇದ್ದಿಲು ಬೇಗ ಕರಗಲಿ ಅಂತ ಮರದ ಬೂದಿ ಬೆರೆಸಬಹುದಾ? ಭತ್ತದ ಹೊಟ್ಟಿನ ಬೂದಿಯೂ ಸಿಗುತ್ತದೆ.

ಬಿಸಿಗಾಳಿ: ಮರದ ಬೂದಿ ಆಗಬಹುದು, ಅದರ ಪೊಟ್ಯಾಸಿಯಂ ಇದ್ದಿಲನ್ನು ಬೇಗ ಗ್ಯಾಸ್ ಮಾಡುತ್ತದೆ. ಹೊಟ್ಟಿನ ಬೂದಿ ಬೇಡ. ಅದರ ತುಂಬ ಸಿಲಿಕಾ, ಅದು ಪೊಟ್ಯಾಸಿಯಂ ಅನ್ನು ಕಟ್ಟಿಹಾಕಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ, ಕರಗಿ ಗಟ್ಟಿಯಾಗಿ ಬೂದಿ ಬೀಳುವ ಜಾಲರಿಯನ್ನೂ ಮುಚ್ಚಿಬಿಡುತ್ತದೆ. ಮರದ ಬೂದಿಯನ್ನೂ ಸ್ವಲ್ಪವೇ ಹಾಕಿ ನೋಡಿ.

ಇದ್ದಿಲುಪೆಟ್ಟಿಗೆ: ಹಾಸಿನ ಮೇಲೆ, ಕೆಳಗೆ ಎರಡೂ ಕಡೆ ಥರ್ಮೋಕಪಲ್ (ಬಿಸಿ ಅಳೆಯುವ ಸಾಧನ) ಇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಸೀಲ್ ಬಿಚ್ಚಲೇಬೇಡಿ, ಅದಕ್ಕೆ ವಾಸನೆಯೇ ಇಲ್ಲ. ಗ್ಯಾಸ್ ತೊಳೆದ ನೀರಿನಲ್ಲೂ ಫಿನಾಲ್ ಎಂಬ ವಿಷ ಇರುತ್ತದೆ, ಮಣ್ಣಿಗೆ ಚೆಲ್ಲಬೇಡಿ. ಇಂಜಿನ್‌ಗೆ ಘನ ಮೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಟಾರ್ ಇರಬೇಕು, ಅಷ್ಟಕ್ಕೆ ಇಳಿಯುವವರೆಗೂ ಫಿಲ್ಟರ್ ತೆಗೆಯಬೇಡಿ.