ಆಸ್ಪತ್ರೆ ಫೈಲು ಕಂಪ್ಯೂಟರಿಗೆ ಹೋದ ಮೇಲೆ ಯಾರ್‍ಯಾರು ನೋಡಬಹುದು? ಇಲ್ಲಿ ಕೇಳಿ

ರೆಕಾರ್ಡ್ಸ್ ಮೇಡಂ, ಕುಮಟಾ: ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನನಗೆ 19 ವರ್ಷ ಆಯಿತು. ಮೊದಲೆಲ್ಲ ಕಪಾಟಿನ ತುಂಬ ಕಾಗದದ ಫೈಲು, ಈಗ ಜಾಸ್ತಿ ಕಂಪ್ಯೂಟರ್. ಆರೋಗ್ಯ ದಾಖಲೆ ಜೋಡಿಸುವ ಸರ್ಕಾರದ ಆಭಾ ಕಾರ್ಡ್, ಆನ್‌ಲೈನ್ ರಿಪೋರ್ಟ್, ನಮ್ಮ ಕಾಯಿಲೆ ವಿಷಯ ಕಂಡವರಿಗೆಲ್ಲ ಗೊತ್ತಾಗುವ ಭಯ, ಇದರ ಬಗ್ಗೆ ಈ ಗುಂಪಿನಲ್ಲಿ ದಿನಾ ಪ್ರಶ್ನೆ ಬರುತ್ತಿದೆ. ಇವತ್ತು ಸಂಜೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ, ಔಷಧಿ ಕೇಳಬೇಡಿ. ನಿಮ್ಮ ರಿಪೋರ್ಟಿನ ಫೋಟೊ ದಯವಿಟ್ಟು ಇಲ್ಲಿ ಹಾಕಬೇಡಿ.

ಅಘನಾಶಿನಿ ದಂಡೆ: ಮೇಡಂ, ಆಭಾ ಕಡ್ಡಾಯವಾ? ನಂಬರ್ ಇಲ್ಲದಿದ್ದರೆ ಚೀಟಿ ಇಲ್ಲ ಎಂದರು ಕೌಂಟರಿನಲ್ಲಿ.

ರೆಕಾರ್ಡ್ಸ್ ಮೇಡಂ: ಕಡ್ಡಾಯ ಅಲ್ಲ. ಮಾಡಿಸುವುದು ಬಿಡುವುದು ನಿಮ್ಮ ಇಷ್ಟ. ಆಭಾ ಇಲ್ಲ ಎಂದು ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಟೋಕನ್ ಬೇಗ ಸಿಗುತ್ತದೆ, ಅದಕ್ಕೆ ಕೌಂಟರಿನವರು ಒತ್ತಾಯ ಮಾಡುತ್ತಾರೆ. "ಹೆಸರು ಬರೆದುಕೊಂಡು ಚೀಟಿ ಕೊಡಿ" ಎಂದು ಕೇಳಿ.

ಶಿರಸಿ ತೋಟದ ಮನೆ: ನಮ್ಮ ಮನೆಯಲ್ಲಿ ಆಯುಷ್ಮಾನ್ ಕಾರ್ಡ್ ಇದೆ. ಆಭಾ ಮತ್ತೆ ಬೇಕಾ?

ರೆಕಾರ್ಡ್ಸ್ ಮೇಡಂ: ಎರಡೂ ಬೇರೆ. ಆಯುಷ್ಮಾನ್ ಕಾರ್ಡ್ ಚಿಕಿತ್ಸೆಯ ದುಡ್ಡಿಗೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಭಾ ಎಂದರೆ 14 ಅಂಕಿಯ ನಂಬರ್, ದಾಖಲೆ ಜೋಡಿಸಲಿಕ್ಕೆ. ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ.

ನಿವೃತ್ತ ಮಾಸ್ತರ್, ಅಂಕೋಲಾ: ನನ್ನ ಫೈಲೆಲ್ಲ ದೆಹಲಿಯ ಒಂದು ದೊಡ್ಡ ಕಂಪ್ಯೂಟರಿಗೆ ಹೋಗಿ ಕೂರುತ್ತದೆ ಎನ್ನುತ್ತಾರೆ. ನಿಜವೇ? ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಆದರೂ ನನ್ನ ಹೆಸರಿನಲ್ಲಿ ಆಭಾ ಐಡಿ ಇದೆ!

ರೆಕಾರ್ಡ್ಸ್ ಮೇಡಂ: ಮಾಸ್ತರ್ರೇ, ಹಾಗೆ ಒಂದೇ ಕಡೆ ಇಡುವುದಿಲ್ಲ. ದಾಖಲೆ ಯಾವ ಆಸ್ಪತ್ರೆ ಅಥವಾ ಲ್ಯಾಬಿನಲ್ಲಿ ಹುಟ್ಟಿತೋ ಅಲ್ಲೇ ಇರುತ್ತದೆ. ಬೇರೆ ಡಾಕ್ಟರ್ ನೋಡಬೇಕಾದರೆ ನಿಮ್ಮ ಫೋನಿಗೆ ಒಪ್ಪಿಗೆ ಕೇಳಿ ಸಂದೇಶ ಬರುತ್ತದೆ. ಯಾವ ದಾಖಲೆ, ಎಷ್ಟು ದಿನದವರೆಗೆ ಎಂದು ನೀವೇ ಆರಿಸಬಹುದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು. ವ್ಯವಸ್ಥೆಯನ್ನು ರೂಪಿಸಿದ್ದು ಹೀಗೆ.

ಐಡಿ ಹೇಗೆ ಬಂತು ಎಂದರೆ, ಈ ಯೋಜನೆ ದೇಶದಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್ 27ಕ್ಕೆ. ಆ ವರ್ಷ ಕೋವಿಡ್ ಲಸಿಕೆಗೆ ಆಧಾರ್ ಕೊಟ್ಟ ಹಲವರಿಗೆ ಅವರಿಗೇ ತಿಳಿಯದೆ ಐಡಿ ತಯಾರಾಗಿತ್ತು. ಕೇಳದೆ ಮಾಡಿದ್ದು ತಪ್ಪು, ನಾನು ಅದನ್ನು ಸಮರ್ಥಿಸುವುದಿಲ್ಲ. ಬೇಡವಾದರೆ ಆಭಾ ವೆಬ್‌ಸೈಟಿಗೆ ಹೋಗಿ ಅಳಿಸಬಹುದು. ಆದರೆ ಆಸ್ಪತ್ರೆಯಲ್ಲಿರುವ ನಿಮ್ಮ ಫೈಲು ಅಳಿಯುವುದಿಲ್ಲ, ಅದು ಬೇರೆ.

ಬೆಂಗಳೂರು ಸಾಫ್ಟ್‌ವೇರ್, ಮೂಲ ಹೊನ್ನಾವರ: ಮೇಡಂ, ಹೇಳಲಿಕ್ಕೆ ಈ ವ್ಯವಸ್ಥೆ ಚೆನ್ನಾಗಿದೆ. ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರಿಗೇ ಹ್ಯಾಕರ್‌ಗಳು ನುಗ್ಗಿದರಲ್ಲ?

ರೆಕಾರ್ಡ್ಸ್ ಮೇಡಂ: ನುಗ್ಗಿದರು. 2022ರ ನವೆಂಬರ್ 23. ಸರ್ವರ್ ನಿಂತು ಹೆಚ್ಚುಕಡಿಮೆ ಎರಡು ವಾರ ಎಲ್ಲವನ್ನೂ ಕೈಯಲ್ಲಿ ಬರೆದರು. 2023ರ ಜೂನ್‌ನಲ್ಲಿ ಲಸಿಕೆ ಪಡೆದವರ ಮಾಹಿತಿ ಟೆಲಿಗ್ರಾಂ ಬಾಟ್ ಒಂದರಲ್ಲಿ ಸಿಗುತ್ತಿದೆ ಎಂದು ಸುದ್ದಿಯಾಯಿತು, ಸರ್ಕಾರ ಅಲ್ಲಗಳೆಯಿತು. ಹಾಗಾಗಿ ಭಯ ಸುಳ್ಳಲ್ಲ. ಆದರೆ 19 ವರ್ಷದಲ್ಲಿ ನಮ್ಮ ಊರಿನ ರೋಗಿಯ ಗುಟ್ಟು ಹೊರಗೆ ಹೋದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ, ಒಂದು ಸಲವೂ ಹ್ಯಾಕರ್‌ನಿಂದ ಅಲ್ಲ. ಕೌಂಟರಿನಲ್ಲಿ ಜೋರಾಗಿ ಕೂಗಿದ್ದರಿಂದ. ಲ್ಯಾಬಿನವರು ಸಂಬಂಧಿಕರಾಗಿದ್ದರಿಂದ. ಜೆರಾಕ್ಸ್ ಅಂಗಡಿಯಿಂದ. ಪ್ರಿಂಟ್ ತೆಗೆಯಲಿಕ್ಕೆ ಅಂಗಡಿಯ ನಂಬರಿಗೆ ರಿಪೋರ್ಟ್ ಕಳಿಸುತ್ತೀರಿ ಅಲ್ವಾ, ಅದು ಅವರ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಯುತ್ತದೆ. ಮುಂದೆ ಬಂದವರು ತಮ್ಮ ಫೈಲು ಹುಡುಕುವಾಗ ನಿಮ್ಮ ಹೆಸರನ್ನೂ ನೋಡುತ್ತಾರೆ. ಪ್ರಿಂಟ್ ಆದ ಮೇಲೆ ಎದುರಿಗೇ ನಿಂತು ಅಳಿಸಿಸಿ. ರಿಸೈಕಲ್ ಬಿನ್ನಿನಿಂದಲೂ.

ಜೋಯಿಡಾ ಕಾಡಂಚು: ನಮ್ಮಲ್ಲಿ ಒಟಿಪಿ ಬರಬೇಕಾದರೆ ಗುಡ್ಡ ಹತ್ತಬೇಕು. ಒಪ್ಪಿಗೆ ಕೊಡುವುದು ಹೇಗೆ?

ಕಾರವಾರ ಬಂದರು: ಆಭಾ ಕಡ್ಡಾಯವಾ?

ರೆಕಾರ್ಡ್ಸ್ ಮೇಡಂ: ಅಲ್ಲ. ಮೇಲೆ ಹೇಳಿದ್ದೇನೆ.

ಗುಂಪಿನ ಅಡ್ಮಿನ್: ಮೇಡಂ, ಒಬ್ಬ ಸದಸ್ಯೆ ಹೆಸರು ಬೇಡ ಎಂದು ಈ ಪ್ರಶ್ನೆ ಕಳಿಸಿದ್ದಾರೆ. "ಎರಡು ವರ್ಷದಿಂದ ಮಂಗಳೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಮನಸ್ಸಿನ ತೊಂದರೆಗೆ ಔಷಧಿ ತೆಗೆದುಕೊಳ್ಳುತ್ತಿದ್ದೇನೆ. ಗಂಡನಿಗೆ ಮಾತ್ರ ಗೊತ್ತು. ಮೈದುನ ಮನೆಯವರಿಗೆಲ್ಲ ತನ್ನ ಫೋನ್ ನಂಬರ್ ಹಾಕಿಯೇ ಆಭಾ ಮಾಡಿಸಿದ್ದಾನೆ. ಕಳೆದ ತಿಂಗಳು ನನ್ನ ಭೇಟಿಯ ದಿನದ ಮೆಸೇಜ್, ವಿಭಾಗದ ಹೆಸರಿನ ಸಮೇತ, ಅವನಿಗೆ ಹೋಯಿತು. ಈಗ ಅತ್ತೆ ಮಾತಾಡುವ ರೀತಿಯೇ ಬದಲಾಗಿದೆ. ಆಸ್ಪತ್ರೆಗೆ ಹೋಗುವುದನ್ನೇ ಬಿಡೋಣ ಅನಿಸುತ್ತಿದೆ."

ರೆಕಾರ್ಡ್ಸ್ ಮೇಡಂ: ತಂಗೀ, ಮೊದಲು ಒಂದು ಮಾತು. ಔಷಧಿ ನಿಲ್ಲಿಸಬೇಡ, ಡಾಕ್ಟರ್ ಭೇಟಿಯನ್ನೂ ಬಿಡಬೇಡ. ಮೆಸೇಜ್ ತಪ್ಪಿದ್ದನ್ನು ಸರಿ ಮಾಡಬಹುದು.

ಇಲ್ಲಿ ಮೂರು ಕಡೆ ನಂಬರ್ ಇದೆ, ಮೂರನ್ನೂ ಒಂದೇ ಎಂದು ತಿಳಿಯುವುದರಿಂದಲೇ ಜನ ಸಿಕ್ಕಿಕೊಳ್ಳುತ್ತಾರೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂದು, ಆಭಾದಲ್ಲಿ ಒಂದು, ಆಧಾರ್‌ನಲ್ಲಿ ಒಂದು. ಭೇಟಿಯ ದಿನದ ಮೆಸೇಜ್ ಸಾಮಾನ್ಯವಾಗಿ ಆಸ್ಪತ್ರೆಯ ಕಂಪ್ಯೂಟರಿನಿಂದ ಬರುತ್ತದೆ. ಆಭಾ ಸ್ಕ್ಯಾನ್ ಮಾಡಿ ಚೀಟಿ ತೆಗೆಸಿದಾಗ ಅದರಲ್ಲಿದ್ದ ಮೈದುನನ ನಂಬರ್ ಅಲ್ಲಿಗೂ ಹೋಗಿ ಕೂತಿರಬೇಕು. ಹಾಗಾಗಿ ಆಭಾ ಒಂದನ್ನೇ ಅಳಿಸಿದರೆ ಮೆಸೇಜ್ ನಿಲ್ಲದೇ ಇರಬಹುದು. ಆಸ್ಪತ್ರೆಯ ನೋಂದಣಿ ಕೌಂಟರಿಗೆ ನೀನೇ ಹೋಗಿ ನಂಬರ್ ಬದಲಿಸಲಿಕ್ಕೆ ಬರೆದುಕೊಡು. ಕಾರಣ ಹೇಳಬೇಕಾಗಿಲ್ಲ. ಅದೇ ಕಾಗದದಲ್ಲಿ "ನನ್ನ ಹೊರತು ಬೇರೆಯವರಿಗೆ ಮಾಹಿತಿ, ರಿಪೋರ್ಟ್ ಕೊಡಬಾರದು" ಎಂದೂ ಬರೆ. ಸ್ವೀಕರಿಸಿದ್ದಕ್ಕೆ ಸೀಲು ಹಾಕಿಸಿಕೋ.

ಆಮೇಲೆ ಆಧಾರ್. ಅದರಲ್ಲಿ ನಿನ್ನದೇ ನಂಬರ್ ಇದ್ದರೆ ಆಭಾಕ್ಕೆ ನೀನೇ ಲಾಗಿನ್ ಆಗಿ ಮೊಬೈಲ್ ನಂಬರ್ ಬದಲಿಸಬಹುದು, ಬೇಡವಾದರೆ ಅಳಿಸಬಹುದು. ಆಧಾರ್‌ನಲ್ಲೂ ಮೈದುನನ ನಂಬರ್ ಇದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗು. ಬೆರಳಚ್ಚು ಕೊಟ್ಟರೆ ಬದಲಿಸುತ್ತಾರೆ, ಹಳೆ ಫೋನಿನ ಒಟಿಪಿ ಬೇಕಾಗುವುದಿಲ್ಲ. ಹಳೆ ನಂಬರಿಗೆ ಏನಾದರೂ ಮೆಸೇಜ್ ಹೋಗಬಹುದು ಎಂದು ಲೆಕ್ಕ ಹಾಕಿಯೇ ಹೊರಡು. ಗಂಡನಿಗೆ ಮೊದಲೇ ತಿಳಿಸಿರು.

ಕಾನೂನು ನಿನ್ನ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ, ರೋಗಿಯ ಮಾಹಿತಿ ಗುಟ್ಟಾಗಿರಬೇಕು ಎನ್ನುತ್ತದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಮಾತ್ರ ಬೇರೆ. ಮೈದುನ ಎಂಬ ಕಾರಣಕ್ಕೆ ಅವನಿಗೆ ಹಕ್ಕಿಲ್ಲ. ಮನಸ್ಸು ತುಂಬ ಭಾರವಾದ ದಿನ 14416ಕ್ಕೆ ಫೋನ್ ಮಾಡು. ಅದು ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ.

ಭಟ್ಕಳ ಪೇಟೆ: ಮೈದುನ ಒಳ್ಳೆಯದಕ್ಕೇ ಮಾಡಿಸಿರಬಹುದು. ಮನೆಯವರಿಂದ ಮುಚ್ಚಿಡುವುದು ಏನಿದೆ? ನನ್ನ ಬಿಪಿ ಶುಗರ್ ಯಾರು ನೋಡಿದರೂ ಅಡ್ಡಿಲ್ಲ.

ಶಿರಸಿ ತೋಟದ ಮನೆ: ನಿಮಗೆ ಬಿಪಿ. ಮದುವೆಗಿರುವ ಹುಡುಗಿಗೆ ಮೂರ್ಛೆ ರೋಗ ಇದ್ದರೆ? ಸಂಬಂಧ ನೋಡಲು ಬಂದವರು ಜಾತಕಕ್ಕಿಂತ ಮೊದಲು ಅದನ್ನು ಕೇಳುತ್ತಾರೆ.

ಭಟ್ಕಳ ಪೇಟೆ: ಹೇಳಿಯೇ ಮದುವೆ ಮಾಡಬೇಕಲ್ಲ?

ಶಿರಸಿ ತೋಟದ ಮನೆ: ಹೇಳಬೇಕಾದವಳು ಅವಳು. ಲ್ಯಾಬಿನವನಲ್ಲ.

ನಿವೃತ್ತ ಮಾಸ್ತರ್: ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಂದೇ ದನಿಯಲ್ಲಿ ಹೇಳಿದರು. ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಭಟ್ಕಳದವರು ಸ್ವಲ್ಪ ಓದಿಕೊಂಡು ಬರಲಿ.

ಭಟ್ಕಳ ಪೇಟೆ: ಓದಿದ್ದೇನೆ ಮಾಸ್ತರ್. ಪಾಠ ಬೇಡ.

ಯಲ್ಲಾಪುರ ಘಟ್ಟ: ನಾನೂ ಒಂದು ಮಾತು ಹೇಳುತ್ತೇನೆ. ಭಾವನಿಗೆ ಅಪಘಾತವಾಗಿ ರಾತ್ರಿ ಹುಬ್ಬಳ್ಳಿಗೆ ಒಯ್ದೆವು. ಫೈಲು ಮನೆಯಲ್ಲಿ. ಯಾವ ಔಷಧಿ ಆಗಿ ಬರುವುದಿಲ್ಲ ಎಂದು ಡಾಕ್ಟರ್ ಕೇಳಿದರೆ ನಮಗೆ ಉತ್ತರವಿಲ್ಲ. 2021ರ ಜುಲೈನಲ್ಲಿ ಗಂಗಾವಳಿ ಉಕ್ಕಿದಾಗ ನಮ್ಮ ನೆಂಟರ ಮನೆಯ ಕಾಗದವೆಲ್ಲ ಕೆಸರಾಯಿತು. ಜಿಲ್ಲೆಯ ಜನ ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಅಲೆಯುತ್ತೇವೆ. ದಾಖಲೆ ಆನ್‌ಲೈನ್ ಇರುವುದು ಬೇಕೇ ಬೇಕು.

ಬೆಂಗಳೂರು ಸಾಫ್ಟ್‌ವೇರ್: ಬೇಕು ಎಂದವರಿಗೆ 2020 ನೆನಪಿರಲಿ. ಕ್ವಾರಂಟೈನ್ ಆದವರ ವಿಳಾಸದ ಪಟ್ಟಿಯನ್ನು ಸರ್ಕಾರವೇ ಹೊರಗೆ ಬಿಟ್ಟಿತು, ವಾಟ್ಸಾಪಿನಲ್ಲಿ ಓಡಾಡಿತು. ನಮ್ಮ ಮನೆಗೆ ಹಾಲಿನವನು ಬರುವುದನ್ನು ಬಿಟ್ಟ. ಅಮ್ಮ ಇವತ್ತಿಗೂ ಕೆಮ್ಮು ಬಂದರೆ ಯಾರಿಗೂ ಹೇಳುವುದಿಲ್ಲ.

ಯಲ್ಲಾಪುರ ಘಟ್ಟ: ಅದು ಆಡಳಿತದ ತಪ್ಪು, ಕಂಪ್ಯೂಟರಿನದಲ್ಲ.

ಬೆಂಗಳೂರು ಸಾಫ್ಟ್‌ವೇರ್: ಕಂಪ್ಯೂಟರ್ ನಡೆಸುವವರು ಯಾರು? ಅದೇ ಆಡಳಿತ.

ಗೋಕರ್ಣ ರಸ್ತೆ: ಎಲ್ಲರ ಗಮನಕ್ಕೆ, ಬಂದದ್ದನ್ನು ಹಾಗೇ ಕಳಿಸಿದ್ದೇನೆ. "ನಾಳೆಯಿಂದ ಸರ್ಕಾರ ನಿಮ್ಮ ಆರೋಗ್ಯ ಮಾಹಿತಿಯನ್ನು ಕಂಪನಿಗಳಿಗೆ ಮಾರುತ್ತದೆ. 'ನಾನು ಅನುಮತಿ ಕೊಡುವುದಿಲ್ಲ' ಎಂಬ ಈ ಸಂದೇಶವನ್ನು 10 ಗುಂಪಿಗೆ ಕಳಿಸಿ. ಕೆಳಗಿನ ಆ್ಯಪ್ ಹಾಕಿಕೊಂಡರೆ ನಿಮ್ಮ ಹೆಲ್ತ್ ಐಡಿ ಲಾಕ್ ಆಗುತ್ತದೆ."

ರೆಕಾರ್ಡ್ಸ್ ಮೇಡಂ: ಆ ಫೈಲನ್ನು ಯಾರೂ ಒತ್ತಬೇಡಿ! ಅಡ್ಮಿನ್, ಈಗಲೇ ತೆಗೆಯಿರಿ. ಅದು ಎಪಿಕೆ ಫೈಲು, ಒತ್ತಿದರೆ ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಫೋನಿಗೆ ಇಳಿಯುತ್ತದೆ. ಹಾಕಿಕೊಂಡು ಮೆಸೇಜ್ ಓದಲು ಅನುಮತಿ ಕೊಟ್ಟರೆ ನಿಮ್ಮ ಬ್ಯಾಂಕಿನ ಒಟಿಪಿ ಕಳ್ಳನ ಕೈಗೆ ಹೋಗುತ್ತದೆ. ಆಗಲೇ ಒತ್ತಿದವರು ಇಂಟರ್ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. 10 ಗುಂಪಿಗೆ ಕಳಿಸಿದರೆ ಯಾವ ಅನುಮತಿಯೂ ರದ್ದಾಗುವುದಿಲ್ಲ. ಈ ತಿಂಗಳು ಇಂಥದ್ದು ನಾಲ್ಕನೆಯದು. ಗುಟ್ಟು ಉಳಿಸುತ್ತೇವೆ ಎಂದು ಹಂಚುವ ಇದರಿಂದಲೇ ಜನ ಕೆಡುತ್ತಿದ್ದಾರೆ.

ಗೋಕರ್ಣ ರಸ್ತೆ: ಒಳ್ಳೆಯ ಉದ್ದೇಶಕ್ಕೆ ಹಾಕಿದೆ ಮೇಡಂ. ಅಷ್ಟು ಸಿಟ್ಟು ಯಾಕೆ?

ರೆಕಾರ್ಡ್ಸ್ ಮೇಡಂ: ಉದ್ದೇಶ ಒಳ್ಳೆಯದೇ ಇರಬಹುದು. ಪರಿಶೀಲಿಸದೆ ಹಾಕಿದ್ದು ತಪ್ಪು.

ಸಿದ್ದಾಪುರ: ಅಪ್ಪ ತೀರಿಕೊಂಡು ಆರು ತಿಂಗಳಾಯಿತು. ಅವರ ಆಭಾ ಏನಾಗುತ್ತದೆ?

ಮುಂಡಗೋಡ: ಆಸ್ಪತ್ರೆಯವರು ಹಳೆಯ ಫೈಲಿನ ಪ್ರತಿ ಕೊಡುತ್ತಿಲ್ಲ.

ರೆಕಾರ್ಡ್ಸ್ ಮೇಡಂ: ಬರಹದಲ್ಲಿ ಕೇಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಲೇಬೇಕು.

ಹಳಿಯಾಳ: ಮೇಡಂ, ಇದು ನಮ್ಮ ಚಿಕ್ಕಮ್ಮನ ಎಚ್‌ಐವಿ ರಿಪೋರ್ಟ್, ಫೋಟೊ ಹಾಕಿದ್ದೇನೆ. ಇದು ಆನ್‌ಲೈನ್‌ನಲ್ಲಿ ಯಾರಿಗೂ ಕಾಣದ ಹಾಗೆ ಮಾಡುವುದು ಹೇಗೆ?

ರೆಕಾರ್ಡ್ಸ್ ಮೇಡಂ: ಫೋಟೊ ತೆಗೆಯಿರಿ. ಈಗಲೇ. "ಎಲ್ಲರಿಗೂ ಅಳಿಸು" ಎಂಬುದನ್ನು ಒತ್ತಿ. ಹೆಸರು, ವಯಸ್ಸು, ಊರು ಎಲ್ಲ ಕಾಣುತ್ತಿದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅವರ ಒಪ್ಪಿಗೆ ಇಲ್ಲದೆ ಇದನ್ನು ಬೇರೆಯವರಿಗೆ ತಿಳಿಸುವ ಹಾಗಿಲ್ಲ. ನೋಡಿದ ಎಲ್ಲರಲ್ಲಿ ಕೈಮುಗಿದು ಕೇಳುತ್ತೇನೆ, ಫೋನಿಗೆ ಇಳಿದಿದ್ದರೆ ಅಳಿಸಿ. ಅವರ ಮನೆಯವರಿಗೂ ಆ ಮಾತು ಹೋಗಬಾರದು.

ಹಳಿಯಾಳ: ಅಳಿಸಿದೆ. ತಪ್ಪಾಯಿತು.

ಭಟ್ಕಳ ಪೇಟೆ: ನಾನು ನೋಡಿದೆ. ನನ್ನ ಫೋನಿನಿಂದಲೂ ತೆಗೆದೆ. ಆಗ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಕಾರವಾರ ಬಂದರು: ಆಭಾ ಬೇಕೇಬೇಕಾ ಅಂತ ಸರಿಯಾಗಿ ಯಾರೂ ಹೇಳಲಿಲ್ಲ.

ರೆಕಾರ್ಡ್ಸ್ ಮೇಡಂ: ಎರಡು ಸಲ ಹೇಳಿದ್ದೇನೆ. ಇವತ್ತಿಗೆ ಸಾಕು. ಅಡ್ಮಿನ್, ಹೆಸರು ಬೇಡ ಎಂದ ಆ ತಂಗಿಯ ಉತ್ತರ ಬಂತಾ?

ಗುಂಪಿನ ಅಡ್ಮಿನ್: ಬಂತು. "ಸೋಮವಾರ ಅಮ್ಮನ ಮನೆಗೆ ಹೋಗುವ ನೆಪದಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಗಂಡ ಜೊತೆಗೆ ಬರುತ್ತಾರೆ" ಎಂದಿದ್ದಾರೆ.

ರೆಕಾರ್ಡ್ಸ್ ಮೇಡಂ: ಒಳ್ಳೆಯದಾಯಿತು. ಆಧಾರ್ ಮೂಲ ಕಾರ್ಡ್ ಮತ್ತು ಆಸ್ಪತ್ರೆಯ ಹಳೆ ಚೀಟಿ ಇಟ್ಟುಕೊಳ್ಳಲಿ. ಸೋಮವಾರ ಬೆಳಿಗ್ಗೆ ಕೌಂಟರಿನಲ್ಲಿ ರಶ್ಶು, ಮಧ್ಯಾಹ್ನ ಎರಡರ ಮೇಲೆ ಹೋಗಲಿ. ವಿಭಾಗದ ಹೆಸರನ್ನು ಬಾಯಲ್ಲಿ ಹೇಳುವುದು ಬೇಡ, ಚೀಟಿ ತೋರಿಸಿದರೆ ಸಾಕು.